ರೆಟಿನೋಬ್ಲಾಸ್ಟೋಮಾ: ಕೀಮೋಥೆರಪಿ ಮತ್ತು ಮಗುವಿನ ರೋಗನಿರೋಧಕ ವ್ಯವಸ್ಥೆ – ಪೋಷಕರ ಮಾಹಿತಿಗಾಗಿ

ಪೀಠಿಕೆ

ಚಿಕ್ಕ ಮಕ್ಕಳ ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ ಬೆಳೆಯುವ ಕ್ಯಾನ್ಸರ್ ಗೆಡ್ಡೆಗೆ ರೆಟಿನೋಬ್ಲಾಸ್ಟೋಮಾ ಎಂದು ಹೆಸರು. ಸರಿಸುಮಾರು 15,000ದಿಂದ 20,000 ಜನನಗಳಿಗೆ ಒಂದು ಮಗುವಿನಲ್ಲಿ ಇದು ಕಂಡುಬರುತ್ತದೆ. ಹೆಚ್ಚಿನ ಪ್ರಕರಣಗಳು ಐದು ವರ್ಷ ತುಂಬುವುದರೊಳಗೆ ಪತ್ತೆಯಾಗುತ್ತವೆ. ಜನಸಂಖ್ಯೆಯ ಕಾರಣದಿಂದ ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯ ಪ್ರಕರಣಗಳು ಭಾರತದಲ್ಲಿಯೇ ಇರುತ್ತವೆ.

ಕಣ್ಣಿನೊಳಗೆ ಇರುವಾಗಲೇ ಚಿಕಿತ್ಸೆ ಆರಂಭಿಸಿದಲ್ಲಿ ಈ ಕಾಯಿಲೆಯಿಂದ ಮಗುವಿನ ಪ್ರಾಣವನ್ನು ಬಹುತೇಕ ಖಚಿತವಾಗಿ ಉಳಿಸಬಹುದಾಗಿದೆ. ಆದಾಗ್ಯೂ, ಕೀಮೋಥೆರಪಿ ಎಂಬ ಹೆಸರು ಕೇಳಿದೊಡನೆ "ಆ ಔಷಧದಿಂದ ಮಗುವಿನ ನಿರೋಧಕ ಶಕ್ತಿ ಪೂರ್ಣ ಹೋಗುತ್ತದೆ, ಮೊದಲು ಶಕ್ತಿ ಬರಲಿ, ಆಮೇಲೆ ನೋಡೋಣ" ಎಂಬ ಮಾತು ಕುಟುಂಬಗಳಲ್ಲಿ ಬರುವುದುಂಟು. ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಮುಂತಾದ ಕಡೆ ಊರಿನಿಂದ ಬಂದು ಪಾಳಿಯಲ್ಲಿ ದುಡಿಯುವ ತಂದೆತಾಯಿಗಳಿಗೆ ಹಿರಿಯರ ಸಲಹೆ ದೂರವಾಣಿಯಲ್ಲಿ ಬರುತ್ತದೆ. ತೀರ್ಮಾನ ಒಂದೆರಡು ತಿಂಗಳು ಮುಂದೆ ಹೋಗುತ್ತದೆ. ಈ ಗೆಡ್ಡೆಯ ವಿಷಯದಲ್ಲಿ ಆ ಒಂದೆರಡು ತಿಂಗಳು ಸಣ್ಣ ಅವಧಿಯಲ್ಲ. ಆದುದರಿಂದ ಕೀಮೋಥೆರಪಿಯು ರೋಗನಿರೋಧಕ ವ್ಯವಸ್ಥೆಯ ಮೇಲೆ ನಿಜವಾಗಿ ಏನು ಪರಿಣಾಮ ಬೀರುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗುರುತಿಸುವ ಬಗೆ

ಮಂದ ಬೆಳಕಿನಲ್ಲಿ ಅಥವಾ ಮೊಬೈಲ್‌ನ ಫ್ಲಾಷ್ ಬಳಸಿ ತೆಗೆದ ಭಾವಚಿತ್ರದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ, ಬೆಕ್ಕಿನ ಕಣ್ಣಿನಂತೆ ಹೊಳೆಯುವುದು ಪ್ರಮುಖ ಲಕ್ಷಣ. ಹೊಸದಾಗಿ ಕಾಣಿಸಿಕೊಂಡ ಮೆಳ್ಳೆಗಣ್ಣು, ನೋವಿನಿಂದ ಕೂಡಿದ ಕೆಂಪು ಕಣ್ಣು, ಕಣ್ಣುಗುಡ್ಡೆ ಮುಂದಕ್ಕೆ ಬರುವುದು ಇತರ ಲಕ್ಷಣಗಳು. ಈ ಲಕ್ಷಣ ಕಂಡ ಮಗುವನ್ನು ಅದೇ ವಾರದಲ್ಲಿ ನೇತ್ರತಜ್ಞರಿಗೆ ತೋರಿಸತಕ್ಕದ್ದು.

ಜಗತ್ತಿನ 153 ದೇಶಗಳ 4,351 ಮಕ್ಕಳ ಮಾಹಿತಿಯನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶ್ರೀಮಂತ ದೇಶಗಳಲ್ಲಿ ಮಗುವಿಗೆ ಸುಮಾರು 14 ತಿಂಗಳಾಗಿದ್ದಾಗ ರೋಗ ಪತ್ತೆಯಾಗುತ್ತಿದ್ದರೆ, ಬಡ ದೇಶಗಳಲ್ಲಿ ಸುಮಾರು 30 ತಿಂಗಳಾಗುತ್ತಿತ್ತು. ಪತ್ತೆಯಾಗುವ ವೇಳೆಗೆ ಗೆಡ್ಡೆಯು ಕಣ್ಣಿನಿಂದ ಹೊರಗೆ ಹರಡಿದ್ದ ಮಕ್ಕಳ ಪ್ರಮಾಣ ಮೊದಲನೆಯ ಗುಂಪಿನಲ್ಲಿ ಶೇ. 1.5, ಎರಡನೆಯ ಗುಂಪಿನಲ್ಲಿ ಶೇ. 49. ಎರಡೂ ಕಡೆ ಗೆಡ್ಡೆ ಒಂದೇ, ಕಾಲ ಮಾತ್ರ ಬೇರೆ.

"ನಿರೋಧಕ ಶಕ್ತಿ" ಎಂಬ ಮಾತಿನ ಎರಡು ಅರ್ಥಗಳು

ಪೋಷಕರು ಹಾಗೂ ವೈದ್ಯರು ಈ ಮಾತನ್ನು ಬಳಸುವಾಗ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗುತ್ತವೆ. ಮೊದಲನೆಯದು, ಸೋಂಕುಗಳ ವಿರುದ್ಧ ಇಡೀ ದೇಹಕ್ಕೆ ಇರುವ ರಕ್ಷಣೆ. ಇದಕ್ಕೆ ಮುಖ್ಯ ಆಧಾರ ಅಸ್ಥಿಮಜ್ಜೆಯಲ್ಲಿ ತಯಾರಾಗುವ ಬಿಳಿ ರಕ್ತಕಣಗಳು. ಎರಡನೆಯದು, ಗೆಡ್ಡೆಯ ಒಳಗೆ ಮತ್ತು ಸುತ್ತ ಇರುವ ನಿರೋಧಕ ಜೀವಕೋಶಗಳು, ಅವು ಸೂಸುವ ರಾಸಾಯನಿಕಗಳು ಹಾಗೂ ಗೆಡ್ಡೆಯೊಂದಿಗೆ ಅವುಗಳ ಸಂಬಂಧ. ವಿಜ್ಞಾನಿಗಳು ಇದನ್ನು ಗೆಡ್ಡೆಯ ನಿರೋಧಕ ಪರಿಸರ ಎಂದು ಕರೆಯುತ್ತಾರೆ.

ಕೀಮೋಥೆರಪಿಯಿಂದ ಮೊದಲನೆಯದು ಕೆಲವು ದಿನಗಳ ಮಟ್ಟಿಗೆ ಕುಗ್ಗುವುದು ನಿಜ. ಅದು ಪುನಃ ಚೇತರಿಸಿಕೊಳ್ಳುತ್ತದೆ. ಎರಡನೆಯದರ ಕಥೆ ಬೇರೆಯೇ ಆಗಿದೆ. ಗೆಡ್ಡೆಯ ಸುತ್ತಲಿನ ನಿರೋಧಕ ವ್ಯವಸ್ಥೆಯು ಔಷಧದ ಮೊದಲ ಹನಿ ಬೀಳುವುದಕ್ಕೂ ಮುಂಚಿನಿಂದಲೇ ಮೆತ್ತಗಾಗಿರುತ್ತದೆ. ಮಗುವಿಗೆ ಶಕ್ತಿ ಬರಿಸಿಕೊಂಡು ಅನಂತರ ಚಿಕಿತ್ಸೆಗೆ ಬರುತ್ತೇವೆ ಎಂಬ ಆಲೋಚನೆ ಇಲ್ಲಿಯೇ ದಾರಿ ತಪ್ಪುತ್ತದೆ. ಮಗು ಎಷ್ಟೇ ದಷ್ಟಪುಷ್ಟವಾಗಿದ್ದರೂ ಅದರ ದೇಹವು ಈ ಗೆಡ್ಡೆಯನ್ನು ತಾನಾಗಿ ತಡೆಯುತ್ತದೆಂದು ಕಾಯುವಂತಿಲ್ಲ.

ಕಣ್ಣಿನೊಳಗಿನ ನಿರೋಧಕ ಪರಿಸರ

ದೇಹದ ಇತರ ಭಾಗಗಳಲ್ಲಿ ಸೋಂಕು ಅಥವಾ ಗಾಯವಾದಾಗ ಬಾವು, ಉರಿ, ಕೀವು ಆಗುತ್ತವೆ. ಇದೇ ಪ್ರಮಾಣದ ಉರಿಯೂತ ಕಣ್ಣಿನೊಳಗೆ ಆದಲ್ಲಿ ದೃಷ್ಟಿಯೇ ಹೋಗುತ್ತದೆ. ಆದಕಾರಣ ಕಣ್ಣು ನಿರೋಧಕ ವ್ಯವಸ್ಥೆಯನ್ನು ತಡೆಹಿಡಿಯುವ ಏರ್ಪಾಡನ್ನು ತನ್ನಲ್ಲಿಯೇ ಹೊಂದಿದೆ. ರಕ್ತದಿಂದ ಅಕ್ಷಿಪಟಲಕ್ಕೆ ಜೀವಕೋಶಗಳು ಸುಲಭವಾಗಿ ದಾಟದಂತೆ ಒಂದು ತಡೆಗೋಡೆ ಇದೆ. ಕಣ್ಣಿನೊಳಗಿನ ದ್ರವದಲ್ಲಿ ನಿರೋಧಕ ಕೋಶಗಳ ಆಕ್ರಮಣವನ್ನು ತಣಿಸುವ ಪ್ರೋಟೀನ್‌ಗಳಿವೆ. ಕಣ್ಣಿನ ಮುಂಭಾಗದಲ್ಲಿ ಕಸಿ ಮಾಡಿದ ಅನ್ಯ ಅಂಗಾಂಶವನ್ನು ದೇಹವು ಇತರೆಡೆಗಳಂತೆ ಬೇಗನೆ ತಿರಸ್ಕರಿಸುವುದಿಲ್ಲ ಎಂಬುದನ್ನು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್ 1940ರ ದಶಕದಲ್ಲಿಯೇ ಗಮನಕ್ಕೆ ತಂದಿದ್ದರು. ದೃಷ್ಟಿಯನ್ನು ಕಾಯುವ ಇದೇ ಏರ್ಪಾಡು ಗೆಡ್ಡೆಗೂ ಆಶ್ರಯವಾಗುತ್ತದೆ.

ಇದರ ಜೊತೆಗೆ ಗೆಡ್ಡೆಯ ಸ್ವಭಾವವೂ ಸೇರುತ್ತದೆ. ಬಹುಪಾಲು ಪ್ರಕರಣಗಳಲ್ಲಿ ಆರ್‌ಬಿ1 ಎಂಬ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟುಹೋಗುವುದರಿಂದ ಗೆಡ್ಡೆ ಹುಟ್ಟುತ್ತದೆ. ವಯಸ್ಕರ ಶ್ವಾಸಕೋಶದ ಅಥವಾ ಚರ್ಮದ ಕ್ಯಾನ್ಸರಿನಲ್ಲಿ ಕಾಣುವಂತೆ ನೂರಾರು ವಂಶವಾಹಿ ಬದಲಾವಣೆಗಳು ಇಲ್ಲಿ ಇರುವುದಿಲ್ಲ. ಬದಲಾವಣೆಗಳು ಕಡಿಮೆ ಇದ್ದಷ್ಟೂ ಗೆಡ್ಡೆಯ ಕೋಶಗಳು ಪರಕೀಯವೆಂದು ತೋರುವುದು ಕಡಿಮೆ. ಶತ್ರುವನ್ನು ಹುಡುಕಿ ಕೊಲ್ಲುವ ಟಿ ಕೋಶಗಳು ಈ ಗೆಡ್ಡೆಯೊಳಗೆ ಸಾಮಾನ್ಯವಾಗಿ ವಿರಳ. ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶಗಳು ಹಾಗೂ ಅಕ್ಷಿಪಟಲದ ನಿವಾಸಿಗಳಾದ ಮೈಕ್ರೋಗ್ಲಿಯಾ ಕೋಶಗಳು ಅಲ್ಲಿರುತ್ತವೆಯಾದರೂ, ಅವುಗಳಲ್ಲಿ ಅನೇಕವು ಗೆಡ್ಡೆಯೊಂದಿಗೆ ಹೊಂದಿಕೊಂಡು ಅದರ ಬೆಳವಣಿಗೆಗೆ ನೆರವಾಗುವ ರೀತಿಯಲ್ಲಿ ವರ್ತಿಸುತ್ತವೆ.

ಔಷಧ ನೀಡಿದ ನಂತರ ಗೆಡ್ಡೆಯೊಳಗೆ ಆಗುವ ಬದಲಾವಣೆ

ರಕ್ತನಾಳದ ಮೂಲಕ ನೀಡುವ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್, ವಿನ್‌ಕ್ರಿಸ್ಟಿನ್ ಹಾಗೂ ಎಟೊಪೊಸೈಡ್ ಎಂಬ ಮೂರು ಔಷಧಗಳನ್ನು 3ರಿಂದ 4 ವಾರಗಳಿಗೊಮ್ಮೆ, ಬಹುಮಟ್ಟಿಗೆ 6 ಸುತ್ತು ನೀಡಲಾಗುತ್ತದೆ. ತೊಡೆಸಂದಿನ ರಕ್ತನಾಳದಿಂದ ಸೂಕ್ಷ್ಮ ನಳಿಕೆಯನ್ನು ಏರಿಸಿ ಕಣ್ಣಿಗೆ ಹೋಗುವ ಅಪಧಮನಿಗೇ ಮೆಲ್ಫಲಾನ್ ಮುಂತಾದ ಔಷಧ ನೀಡುವ ವಿಧಾನವೂ, ಕಣ್ಣುಗುಡ್ಡೆಯೊಳಗೆ ನೇರವಾಗಿ ಚುಚ್ಚುವ ವಿಧಾನವೂ ಕಳೆದ ಎರಡು ದಶಕಗಳಲ್ಲಿ ಬಳಕೆಗೆ ಬಂದಿವೆ. ಯಾವ ಮಗುವಿಗೆ ಯಾವುದು ಎಂಬುದು ಗೆಡ್ಡೆಯ ಗಾತ್ರ, ಸ್ಥಾನ, ಒಂದು ಕಣ್ಣೋ ಎರಡೂ ಕಣ್ಣೋ ಎಂಬುದನ್ನು ಅವಲಂಬಿಸಿರುತ್ತದೆ.

ಔಷಧದಿಂದ ಗೆಡ್ಡೆಯ ಕೋಶಗಳು ಸಾಯುತ್ತವೆ. ಸತ್ತ ಕೋಶಗಳ ಒಳಗಿನ ವಸ್ತು ಹೊರಚೆಲ್ಲಿದಾಗ ಅದು ನಿರೋಧಕ ವ್ಯವಸ್ಥೆಗೆ ಕೂಗಿ ಕರೆದಂತೆ. ಮ್ಯಾಕ್ರೋಫೇಜ್‌ಗಳು ಬಂದು ಕಸವನ್ನು ನುಂಗುತ್ತವೆ. ಕೀಮೋಥೆರಪಿಯ ನಂತರ ಶಸ್ತ್ರಚಿಕಿತ್ಸೆಯಿಂದ ತೆಗೆದ ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುಣ್ಣದ ಹರಳುಗಳು, ಗಾಯ ಮಾಸಿದಂತಹ ಅಂಗಾಂಶ ಮತ್ತು ನುಂಗಿ ಉಬ್ಬಿದ ಮ್ಯಾಕ್ರೋಫೇಜ್‌ಗಳು ಕಾಣುತ್ತವೆ. ಗೆಡ್ಡೆಯ ದೊಡ್ಡ ಭಾಗ ಒಮ್ಮೆಲೇ ಸತ್ತಾಗ ಕೆಲವು ಮಕ್ಕಳಲ್ಲಿ ಕಣ್ಣಿನ ಸುತ್ತ ಊತ ಮತ್ತು ಕೆಂಪು ಬರಬಹುದು. ಇದು ರೋಗಾಣುವಿಲ್ಲದ ಉರಿಯೂತವಾಗಿರಬಹುದು, ಸೋಂಕೂ ಆಗಿರಬಹುದು. ಎರಡನ್ನೂ ಮನೆಯಲ್ಲಿ ಬೇರ್ಪಡಿಸಿ ಹೇಳಲಾಗದ ಕಾರಣ ಕೂಡಲೇ ಆಸ್ಪತ್ರೆಗೆ ಬರತಕ್ಕದ್ದು.

ಹಾಗಾದರೆ ಔಷಧವು ಗೆಡ್ಡೆಯ ವಿರುದ್ಧ ನಿರೋಧಕ ವ್ಯವಸ್ಥೆಯನ್ನು ಎಬ್ಬಿಸುತ್ತದೆಯೇ? ಸ್ವಲ್ಪ ಮಟ್ಟಿಗೆ ಕಲಕುತ್ತದೆ ಎನ್ನಬಹುದು. ಆದರೆ ಅದೇ ಔಷಧಗಳು ಟಿ ಕೋಶಗಳ ಸಂಖ್ಯೆಯನ್ನು ರಕ್ತದಲ್ಲಿ ತಗ್ಗಿಸುತ್ತವೆ. ಕಸ ನುಂಗಲು ಬಂದ ಮ್ಯಾಕ್ರೋಫೇಜ್‌ಗಳು ಉರಿಯೂತವನ್ನು ತಣಿಸುವ ಪಾತ್ರಕ್ಕೆ ತಿರುಗಿಬಿಡಬಹುದು. ಈ ಕುರಿತ ಅಧ್ಯಯನಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ. ಆದ್ದರಿಂದ ಇಂದಿನ ಚಿಕಿತ್ಸೆಯಲ್ಲಿ ಗೆಡ್ಡೆಯನ್ನು ಕೊಲ್ಲುವ ಕೆಲಸವನ್ನು ಔಷಧ, ಲೇಸರ್, ಶೈತ್ಯ ಚಿಕಿತ್ಸೆ ಹಾಗೂ ಶಸ್ತ್ರಚಿಕಿತ್ಸೆಗಳಿಗೇ ವಹಿಸಲಾಗಿದೆ. ಎರಡು ಸುತ್ತಿನ ನಂತರ ಗೆಡ್ಡೆ ಕುಗ್ಗಿತೆಂದು "ಉಳಿದದ್ದನ್ನು ದೇಹವೇ ನೋಡಿಕೊಳ್ಳುತ್ತದೆ" ಎಂದು ಚಿಕಿತ್ಸೆ ನಿಲ್ಲಿಸುವುದು ಅಪಾಯಕಾರಿ. ಉಳಿದ ಕೋಶಗಳು ಔಷಧಕ್ಕೆ ಬಗ್ಗದವುಗಳಾಗಿರುವ ಸಂಭವವೇ ಹೆಚ್ಚು.

ಈ ವಿಷಯದ ಅಧ್ಯಯನ ಕಷ್ಟವೇಕೆ

ಇತರ ಕ್ಯಾನ್ಸರುಗಳಲ್ಲಿ ಚಿಕಿತ್ಸೆಗೆ ಮೊದಲು ಒಂದು ಚೂರು, ನಂತರ ಒಂದು ಚೂರು ತೆಗೆದು ಹೋಲಿಸಬಹುದು. ರೆಟಿನೋಬ್ಲಾಸ್ಟೋಮಾದಲ್ಲಿ ಹಾಗೆ ಮಾಡುವಂತಿಲ್ಲ. ಸೂಜಿ ಚುಚ್ಚಿ ಚೂರು ತೆಗೆದಲ್ಲಿ ಅದೇ ದಾರಿಯಿಂದ ಗೆಡ್ಡೆಯ ಕೋಶಗಳು ಕಣ್ಣಿನಾಚೆ ಹರಡುವ ಅಪಾಯವಿದೆ. "ಬಯಾಪ್ಸಿ ಮಾಡದೆಯೇ ಕ್ಯಾನ್ಸರ್ ಎಂದು ಹೇಗೆ ಹೇಳಿದರು" ಎಂದು ಪೋಷಕರು ಸಂಶಯಪಡುವುದು ಸಹಜ. ಬಯಾಪ್ಸಿ ಮಾಡದಿರುವುದೇ ಇಲ್ಲಿ ಸರಿಯಾದ ಕ್ರಮ. ಅರಿವಳಿಕೆ ನೀಡಿ ಕಣ್ಣಿನ ಒಳಭಾಗ ಪರೀಕ್ಷಿಸಿ, ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ನೆರವಿನಿಂದ ರೋಗವನ್ನು ನಿರ್ಧರಿಸಲಾಗುತ್ತದೆ.

ಆದ್ದರಿಂದ ವಿಜ್ಞಾನಿಗಳಿಗೆ ದೊರೆಯುವುದು ತೆಗೆದ ಕಣ್ಣುಗಳು ಮಾತ್ರ. ಔಷಧವಿಲ್ಲದೆ ನೇರವಾಗಿ ತೆಗೆದ ಕಣ್ಣುಗಳು ಒಂದು ಗುಂಪು. ಔಷಧ ನೀಡಿಯೂ ಉಳಿಸಲಾಗದೆ ತೆಗೆದವು ಮತ್ತೊಂದು ಗುಂಪು. ಎರಡನೆಯ ಗುಂಪಿನಲ್ಲಿ ಔಷಧಕ್ಕೆ ಬಗ್ಗದ ಗೆಡ್ಡೆಗಳೇ ಇರುವುದರಿಂದ, ಕಂಡ ವ್ಯತ್ಯಾಸ ಔಷಧದ್ದೋ ಗೆಡ್ಡೆಯ ಮೂಲಸ್ವಭಾವದ್ದೋ ಎಂದು ಬಿಡಿಸುವುದು ಸುಲಭವಲ್ಲ. ಔಷಧ ಚೆನ್ನಾಗಿ ಕೆಲಸ ಮಾಡಿದ ಕಣ್ಣು ಮಗುವಿನಲ್ಲಿಯೇ ಉಳಿಯುತ್ತದೆ, ಪ್ರಯೋಗಾಲಯಕ್ಕೆ ಬರುವುದೇ ಇಲ್ಲ. ಅದು ಇರಬೇಕಾದ್ದೂ ಹಾಗೆಯೇ. ಕಣ್ಣಿನೊಳಗೆ ಔಷಧ ಚುಚ್ಚುವ ಸಂದರ್ಭದಲ್ಲಿ ಹೊರತೆಗೆಯುವ ದ್ರವದ ಕೆಲವು ಹನಿಗಳಲ್ಲಿಯೇ ಗೆಡ್ಡೆಯ ಡಿಎನ್‌ಎ ದೊರೆಯುತ್ತದೆಂದು ಅಮೆರಿಕದ ಲಾಸ್ ಏಂಜಲೀಸ್‌ನ ವೈದ್ಯರು 2017ರಲ್ಲಿ ತೋರಿಸಿದ ನಂತರ, ಕಣ್ಣು ತೆಗೆಯದೆಯೇ ಅಧ್ಯಯನ ಮಾಡುವ ದಾರಿಯೊಂದು ತೆರೆದಿದೆ.

ಬೆಂಗಳೂರಿನ ಹೊರವಲಯದಲ್ಲಿಯೂ ಈ ಕೆಲಸ ನಡೆದಿದೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ ಆವರಣದ ನಾರಾಯಣ ನೇತ್ರಾಲಯದಲ್ಲಿ ರೆಟಿನೋಬ್ಲಾಸ್ಟೋಮಾ ಚಿಕಿತ್ಸೆಯೊಂದಿಗೆ, ಅದರ ಪ್ರತಿಷ್ಠಾನದ ಗ್ರೋ ಸಂಶೋಧನಾ ಪ್ರಯೋಗಾಲಯದಲ್ಲಿ ಗೆಡ್ಡೆಯ ಕೋಶಗಳ ಹಾಗೂ ವಂಶವಾಹಿಗಳ ಅಧ್ಯಯನಗಳು ನಡೆದಿವೆ. ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಚೆನ್ನೈನ ಶಂಕರ ನೇತ್ರಾಲಯದೊಂದಿಗೆ ಸೇರಿ, ಗೆಡ್ಡೆಯಲ್ಲಿರುವ ಪ್ರೋಟೀನ್‌ಗಳನ್ನು ಆರೋಗ್ಯವಂತ ಅಕ್ಷಿಪಟಲದೊಂದಿಗೆ ಹೋಲಿಸಿದ ವರದಿಯನ್ನು 2016ರಲ್ಲಿ ಪ್ರಕಟಿಸಿದರು.

ಶಸ್ತ್ರಚಿಕಿತ್ಸೆಗೆ ಮುನ್ನ, ತೆಗೆದ ಕಣ್ಣಿನ ಅಂಗಾಂಶವನ್ನು ಸಂಶೋಧನೆಗೆ ಬಳಸಲು ಒಪ್ಪಿಗೆಪತ್ರ ಕೇಳಬಹುದು. ಒಪ್ಪುವುದು ಬಿಡುವುದು ಪೋಷಕರ ಇಚ್ಛೆಗೆ ಸೇರಿದ್ದು. ಒಪ್ಪದಿದ್ದಲ್ಲಿ ಚಿಕಿತ್ಸೆಗೆ ಯಾವ ಅಡ್ಡಿಯೂ ಬರತಕ್ಕದ್ದಲ್ಲ. ಆದರೆ ಪೆಥಾಲಜಿ ಪರೀಕ್ಷೆ ಸಂಶೋಧನೆಯಲ್ಲ, ಅದು ಚಿಕಿತ್ಸೆಯ ಭಾಗ. ಗೆಡ್ಡೆಯು ದೃಷ್ಟಿನರಕ್ಕೆ ಅಥವಾ ಕಣ್ಣಿನ ಗೋಡೆಗೆ ಇಳಿದಿದೆಯೇ ಎಂಬುದು ಅದರಿಂದಲೇ ತಿಳಿಯುತ್ತದೆ.

ತೀರ ಮುಂದುವರಿದ ಗೆಡ್ಡೆಯಿರುವ ಕಣ್ಣನ್ನು ತೆಗೆಯಬೇಕೆಂದು ವೈದ್ಯರು ಹೇಳಿದಾಗ, "ಇನ್ನೊಂದು ಸುತ್ತು ಕೀಮೋ ಕೊಟ್ಟು ನೋಡಿ" ಎಂದು ಪೋಷಕರು ಬೇಡಿಕೊಳ್ಳುವುದುಂಟು. ಆ ಸಂಕಟ ಅರ್ಥವಾಗುವಂಥದ್ದೇ. ಆದರೆ ಚೀನಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು, ಅಂತಹ ಕಣ್ಣನ್ನು ಕೀಮೋಥೆರಪಿ ನೀಡುತ್ತಾ ಮೂರು ತಿಂಗಳಿಗೂ ಮೀರಿ ಉಳಿಸಿಕೊಂಡ ಮಕ್ಕಳಲ್ಲಿ ಸಾವಿನ ಪ್ರಮಾಣ ಹೆಚ್ಚಿತೆಂದು ತೋರಿಸಿತು. ಔಷಧವು ಹರಡುವಿಕೆಯ ಗುರುತುಗಳನ್ನು ಅಳಿಸಿಹಾಕಿ, ರೋಗ ಇದ್ದುದಕ್ಕಿಂತ ಸೌಮ್ಯವೆಂದು ತೋರುವಂತೆ ಮಾಡಿಬಿಡಬಲ್ಲದು.

ಇಮ್ಯುನೋಥೆರಪಿ ಕುರಿತು

ನಿರೋಧಕ ಕೋಶಗಳನ್ನೇ ಗೆಡ್ಡೆಯ ವಿರುದ್ಧ ಬಳಸುವ ಚಿಕಿತ್ಸೆಗಳ ಬಗ್ಗೆ ಪೋಷಕರು ವಿಚಾರಿಸುತ್ತಿರುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಕೆಲಸದಿಂದ ರೂಪುಗೊಂಡ ಭಾರತದ ಮೊದಲ ಕಾರ್-ಟಿ ಕೋಶ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆತದ್ದು ಕೆಲವು ರಕ್ತದ ಕ್ಯಾನ್ಸರುಗಳಿಗೆ, ಕಣ್ಣಿನ ಗೆಡ್ಡೆಗಲ್ಲ. ರೆಟಿನೋಬ್ಲಾಸ್ಟೋಮಾ ಕೋಶಗಳ ಮೇಲಿರುವ ಜಿಡಿ2 ಎಂಬ ಗುರುತನ್ನು ಹಿಡಿದು ಕೊಲ್ಲುವ ಟಿ ಕೋಶಗಳನ್ನು ಇಲಿಗಳ ಕಣ್ಣಿನಲ್ಲಿ ಯಶಸ್ವಿಯಾಗಿ ಬಳಸಿದ ವರದಿ 2020ರಲ್ಲಿ ಬಂದಿದೆ. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಗೆಡ್ಡೆಯ ಕೋಶಗಳನ್ನಷ್ಟೇ ಹೊಕ್ಕು ಒಡೆಯುವ ವೈರಸ್ಸನ್ನು ಕೆಲವು ಮಕ್ಕಳಲ್ಲಿ ಪ್ರಯೋಗಿಸಲಾಗಿದೆ. ಇವು ಆಶಾದಾಯಕ. ಆದರೆ ಇವುಗಳಿಗಾಗಿ ಕಾಯುತ್ತಾ ಲಭ್ಯವಿರುವ ಚಿಕಿತ್ಸೆಯನ್ನು ತಡಮಾಡುವಂತಿಲ್ಲ.

"ಇಮ್ಯುನಿಟಿ ಹೆಚ್ಚಿಸುವ" ಪುಡಿ, ಹನಿ, ಕಷಾಯಗಳು ಗೆಡ್ಡೆಯ ನಿರೋಧಕ ಪರಿಸರವನ್ನು ಬದಲಿಸುತ್ತವೆಂಬುದಕ್ಕೆ ಆಧಾರವಿಲ್ಲ. ಅಮೃತಬಳ್ಳಿ ಸೇವನೆಯ ನಂತರ ಪಿತ್ತಜನಕಾಂಗಕ್ಕೆ ಹಾನಿಯಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಮಂತ್ರಾಲಯವು ಆ ವರದಿಯನ್ನು ಒಪ್ಪಿರಲಿಲ್ಲ. ಚರ್ಚೆ ಏನೇ ಇರಲಿ, ವಿನ್‌ಕ್ರಿಸ್ಟಿನ್ ಔಷಧವನ್ನು ದೇಹವು ಹೊರಹಾಕುವುದು ಪಿತ್ತಜನಕಾಂಗದ ಮೂಲಕವೇ ಆದ್ದರಿಂದ, ವೈದ್ಯರಿಗೆ ತಿಳಿಸದೆ ಮಗುವಿಗೆ ಯಾವ ಮನೆಮದ್ದನ್ನೂ ನೀಡತಕ್ಕದ್ದಲ್ಲ.

ಚಿಕಿತ್ಸೆಯ ಅವಧಿಯಲ್ಲಿ ದೇಹದ ರಕ್ಷಣೆ

ರಕ್ತನಾಳದ ಮೂಲಕ ಔಷಧ ನೀಡಿದ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್‌ಗಳು, ಅತಿ ಕಡಿಮೆಯಾಗುತ್ತವೆ. ಅನಂತರ ಅಸ್ಥಿಮಜ್ಜೆ ಚೇತರಿಸಿಕೊಂಡು ಮುಂದಿನ ಸುತ್ತಿನ ಹೊತ್ತಿಗೆ ಸಂಖ್ಯೆ ಏರುತ್ತದೆ. ಏರದಿದ್ದಲ್ಲಿ ವೈದ್ಯರು ಸುತ್ತನ್ನು ಮುಂದೂಡುತ್ತಾರೆ. ಕಣ್ಣಿನ ಅಪಧಮನಿಗೆ ಔಷಧ ನೀಡಿದಾಗ ಈ ಕುಸಿತ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಈ ದಿನಗಳಲ್ಲಿ ಬರುವ ಜ್ವರವೇ ಕೀಮೋಥೆರಪಿಯ ನಿಜವಾದ ಅಪಾಯ. ನಿರೋಧಕ ಕೋಶಗಳು ಕಡಿಮೆ ಇರುವಾಗ ಸೋಂಕಾದರೂ ಕೀವು, ಕೆಮ್ಮು, ಊತ ಕಾಣದೆ ಜ್ವರವೊಂದೇ ಕಾಣಬಹುದು. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳತಕ್ಕದ್ದು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಕಂಡಲ್ಲಿ, ರಾತ್ರಿ ಪಾಳಿಯಲ್ಲಿರುವವರು ಬರಲಿ ಎಂದಾಗಲೀ ಬೆಳಗಾಗಲಿ ಎಂದಾಗಲೀ ಕಾಯದೆ ಮಗುವನ್ನು ಆಸ್ಪತ್ರೆಗೆ ಕರೆತರಬೇಕು. ವಾಹನವಿಲ್ಲದಿದ್ದಲ್ಲಿ 108ಕ್ಕೆ ಕರೆ ಮಾಡಬಹುದು. ಜ್ವರದ ಔಷಧ ಕುಡಿಸಿ ಬಿಸಿ ಇಳಿಯಿತೆಂದು ಮನೆಯಲ್ಲಿಯೇ ಉಳಿಯಬಾರದು. ಹತ್ತಿರದ ಬೇರೆ ಆಸ್ಪತ್ರೆಗೆ ಹೋದಲ್ಲಿ "ಮಗುವಿಗೆ ಇಂತಹ ದಿನ ಕೀಮೋಥೆರಪಿ ಆಗಿದೆ" ಎಂಬುದನ್ನು ಮೊದಲ ಮಾತಾಗಿ ಹೇಳಿ, ಚಿಕಿತ್ಸಾ ಪುಸ್ತಕ ತೋರಿಸತಕ್ಕದ್ದು.

ಒಂದೇ ಕೋಣೆಯ ಶೀಟಿನ ಮನೆಗಳಲ್ಲಿ, ಟ್ಯಾಂಕರ್ ನೀರನ್ನು ಅವಲಂಬಿಸಿರುವ ವಠಾರಗಳಲ್ಲಿ ಮಗುವನ್ನು ಪ್ರತ್ಯೇಕವಾಗಿಡಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಸಾಧ್ಯವಿರುವುದು ಇಷ್ಟು: ಕುದಿಸಿ ಆರಿಸಿದ ನೀರು, ಆಗಷ್ಟೇ ಬೇಯಿಸಿದ ಆಹಾರ, ಮಗುವನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈತೊಳೆಯುವುದು, ಕೆಮ್ಮು ನೆಗಡಿ ಇರುವವರು ದೂರವಿರುವುದು. ವಠಾರದಲ್ಲಿ ಯಾರಿಗಾದರೂ ಸಿಡುಬಿನಂತಹ ಗುಳ್ಳೆ ಅಥವಾ ದಡಾರ ಕಂಡು ಮಗು ಅವರ ಸಂಪರ್ಕಕ್ಕೆ ಬಂದಿದ್ದಲ್ಲಿ, ಗುಳ್ಳೆ ಬರುವವರೆಗೆ ಕಾಯದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಲಸಿಕೆಗಳ ವಿಷಯದಲ್ಲಿ ವಿಶೇಷ ಗಮನ ಅಗತ್ಯ. ದಡಾರ-ರುಬೆಲ್ಲಾ, ರೋಟಾವೈರಸ್ ಮತ್ತು ಬಾಯಿಯ ಪೋಲಿಯೋ ಹನಿ ಇವು ಜೀವಂತ ಲಸಿಕೆಗಳು; ಚಿಕಿತ್ಸೆಯ ಅವಧಿಯಲ್ಲಿ ಹಾಗೂ ಅದು ಮುಗಿದ ನಂತರದ ಕೆಲವು ತಿಂಗಳು ಇವುಗಳನ್ನು ನೀಡುವುದಿಲ್ಲ. ದಡಾರ-ರುಬೆಲ್ಲಾದ ಎರಡನೇ ಡೋಸು 16ರಿಂದ 24 ತಿಂಗಳ ನಡುವೆ ಬರುವುದರಿಂದ ಅನೇಕ ಮಕ್ಕಳಲ್ಲಿ ಅದು ಚಿಕಿತ್ಸೆಯ ಅವಧಿಯಲ್ಲಿಯೇ ಬೀಳುತ್ತದೆ. ಪಲ್ಸ್ ಪೋಲಿಯೋ ದಿನ ಮನೆಗೆ ಬರುವ ಕಾರ್ಯಕರ್ತೆಯರಿಗೆ ಮಗುವಿನ ಚಿಕಿತ್ಸೆಯ ವಿಷಯ ತಿಳಿಸಿ. ಬಾಯಿಯ ಹನಿಯ ವೈರಸ್ ಮಲದ ಮೂಲಕ ಹರಡಬಲ್ಲದಾದ್ದರಿಂದ ಅದೇ ಮನೆಯ ಇತರ ಮಕ್ಕಳಿಗೂ ಚುಚ್ಚುಮದ್ದಿನ ಪೋಲಿಯೋ ಲಸಿಕೆಯೇ ಸೂಕ್ತ. ಅವರ ದಡಾರ-ರುಬೆಲ್ಲಾ ಲಸಿಕೆಯನ್ನು ಮಾತ್ರ ತಪ್ಪಿಸಬಾರದು; ರೋಗಿಯಾದ ಮಗುವಿಗೆ ಅದು ಬೇಲಿಯಿದ್ದಂತೆ. ತಾಯಿ ಕಾರ್ಡಿನಲ್ಲಿ ಬಿಟ್ಟುಹೋದ ಲಸಿಕೆಗಳನ್ನು ಗುರುತು ಮಾಡಿಸಿಟ್ಟುಕೊಂಡಲ್ಲಿ ಮುಂದೆ ನೀಡಲು ಅನುಕೂಲ.

ಚಿಕಿತ್ಸೆ ಮತ್ತು ಸೌಲಭ್ಯ ಪಡೆಯುವ ಬಗೆ

ಅಂಗನವಾಡಿ ಹಾಗೂ ಶಾಲಾ ಮಕ್ಕಳ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ, ನಮ್ಮ ಕ್ಲಿನಿಕ್‌ಗೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮಗುವನ್ನು ತೋರಿಸಿ ಶಿಫಾರಸು ಪತ್ರ ಪಡೆಯಬಹುದು. ಬೆಂಗಳೂರಿನಲ್ಲಿ ಸರ್ಕಾರಿ ವಲಯದಲ್ಲಿ ಕಣ್ಣಿನ ಪರೀಕ್ಷೆಗೆ ಮಿಂಟೋ ಕಣ್ಣಾಸ್ಪತ್ರೆಯೂ, ಕೀಮೋಥೆರಪಿಗೆ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಮಕ್ಕಳ ವಿಭಾಗವೂ ಇವೆ. ಪೀಣ್ಯದಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಬಂದಲ್ಲಿ ಮಿಂಟೋ ಆಸ್ಪತ್ರೆ ಸಮೀಪ. ವೈಟ್‌ಫೀಲ್ಡ್ ಕಡೆಯವರು ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಬೇಕು. ಬೊಮ್ಮಸಂದ್ರದವರೆಗೆ ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಆರಂಭವಾಗಿದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂಪಾಯಿಗಳವರೆಗೆ ನೆರವು ಈ ಯೋಜನೆಯಡಿ ನಿಗದಿಯಾಗಿದೆ. ಮಗುವಿನ ಹೆಸರು ಪಡಿತರ ಚೀಟಿಯಲ್ಲಿ ಸೇರಿರದಿದ್ದಲ್ಲಿ ತೊಡಕಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಇದು ಸಾಮಾನ್ಯ. ಜನನ ಪ್ರಮಾಣಪತ್ರದೊಂದಿಗೆ ಸೇರ್ಪಡೆಗೆ ಅರ್ಜಿ ಸಲ್ಲಿಸಿ, ಸ್ವೀಕೃತಿಯನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಿಗೆ ತೋರಿಸಿ ಮುಂದಿನ ಕ್ರಮ ವಿಚಾರಿಸಬೇಕು. ಹೊರರಾಜ್ಯದ ಆಯುಷ್ಮಾನ್ ಕಾರ್ಡ್ ಇರುವವರು 14555 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ತಿಂಗಳ ವೇತನ 21,000 ರೂಪಾಯಿಗಳ ಮಿತಿಯೊಳಗಿದ್ದು ಇಎಸ್‌ಐ ವಂತಿಗೆ ಕಡಿತವಾಗುತ್ತಿರುವ ಕಾರ್ಮಿಕರು ತಮ್ಮ ಔಷಧಾಲಯ ಅಥವಾ ಪೀಣ್ಯದ ಇಎಸ್‌ಐ ಆಸ್ಪತ್ರೆಯ ಮೂಲಕ ಶಿಫಾರಸು ಪಡೆಯತಕ್ಕದ್ದು.

ಪ್ರತಿ ಭೇಟಿಗೂ ತರಬೇಕಾದ ದಾಖಲೆಗಳು: ಮಗುವಿನ ಜನನ ಪ್ರಮಾಣಪತ್ರ ಮತ್ತು ತಾಯಿ ಕಾರ್ಡ್, ಪೋಷಕರ ಆಧಾರ್, ಪಡಿತರ ಚೀಟಿ ಅಥವಾ ಇಎಸ್‌ಐ ಗುರುತಿನ ಚೀಟಿ, ಶಿಫಾರಸು ಪತ್ರ, ಹಿಂದಿನ ರಕ್ತಪರೀಕ್ಷೆಗಳು, ಎಂಆರ್‌ಐ ಮತ್ತು ಪೆಥಾಲಜಿ ವರದಿಗಳ ಮೂಲಪ್ರತಿ. ರೆಟಿನೋಬ್ಲಾಸ್ಟೋಮಾ ಪ್ರಕರಣಗಳಲ್ಲಿ ಸುಮಾರು ಶೇ. 40ರಷ್ಟು ಅನುವಂಶೀಯ ಸ್ವರೂಪದವು. ಹಾಗಾಗಿ ಮೊದಲ ಭೇಟಿಯಲ್ಲಿಯೇ ಮಗುವಿನ ಒಡಹುಟ್ಟಿದವರನ್ನೂ ಕರೆತಂದು ಕಣ್ಣಿನ ಪರೀಕ್ಷೆ ಮಾಡಿಸತಕ್ಕದ್ದು. ಮುಂದೆ ಹುಟ್ಟುವ ಮಗುವನ್ನು ಹುಟ್ಟಿದ ಮೊದಲ ವಾರಗಳಲ್ಲಿಯೇ ತೋರಿಸಬೇಕಾಗುತ್ತದೆ.